ಫ್ರಿಟ್ಜ್ ಪೊಲಾರ್ಡ್: ಎನ್‌ಎಫ್‌ಎಲ್ ಹುಟ್ಟಿದ ಕಾಲದ ಆಟಗಾರನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ (ನ್ಯಾಷನಲ್ ಫುಟ್‌ಬಾಲ್ ಲೀಗ್) ಇವತ್ತು ಕೋಟಿಗಟ್ಟಲೆ ಡಾಲರ್‌ಗಳ ವ್ಯವಹಾರ. ಅದು ಹುಟ್ಟಿದ ವರ್ಷವೇ ಚಾಂಪಿಯನ್ ಆದ ತಂಡದಲ್ಲಿ ಫ್ರಿಟ್ಜ್ ಪೊಲಾರ್ಡ್ ಇದ್ದರು. ಮರುವರ್ಷ ಅದೇ ತಂಡದ ಕೋಚ್ ಕೂಡ ಆದರು. ಆದರೆ ಅವರ ಹೆಸರು ಬಂದಾಗಲೆಲ್ಲ ಜನ "ಮೊದಲ ಕಪ್ಪು ಕೋಚ್" ಅಂತ ಒಂದು ಸಾಲು ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ನನಗೆ ಅಷ್ಟು ಸಾಲದು. ಅವರು ಹೇಗೆ ಆಡುತ್ತಿದ್ದರು, ಆ ಆಟ ಅವರ ಕೈಯಿಂದ ಹೇಗೆ ಜಾರಿತು ಅನ್ನುವುದನ್ನೂ ತಿಳಿಯಬೇಕು. ಅಮೆರಿಕದಲ್ಲಿರುವ ನಮ್ಮವರು, ಇಲ್ಲಿ ಕೂತು ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ನೋಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಯಾರು ಈ ಫ್ರಿಟ್ಜ್ ಪೊಲಾರ್ಡ್?

ಪೂರ್ತಿ ಹೆಸರು ಫ್ರೆಡರಿಕ್ ಡಗ್ಲಸ್ ಪೊಲಾರ್ಡ್. ಹುಟ್ಟಿದ್ದು 1894ರ ಜನವರಿ 27ರಂದು, ಷಿಕಾಗೋದಲ್ಲಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಅದರ ವಿರುದ್ಧ ಜೀವಮಾನವಿಡೀ ಮಾತಾಡಿದ ಫ್ರೆಡರಿಕ್ ಡಗ್ಲಸ್ ಅವರ ಹೆಸರನ್ನೇ ಅಪ್ಪ ಅಮ್ಮ ಮಗನಿಗೆ ಇಟ್ಟರು. ಅಪ್ಪ ಕ್ಷೌರಿಕರು, ಅಮ್ಮ ಬಟ್ಟೆ ಹೊಲಿಯುತ್ತಿದ್ದರು. ಎಂಟು ಮಕ್ಕಳಲ್ಲಿ ಇವರು ಏಳನೆಯವರು.

ಮನೆ ಇದ್ದದ್ದು ನಗರದ ಉತ್ತರಕ್ಕಿರುವ ರಾಜರ್ಸ್ ಪಾರ್ಕ್‌ನಲ್ಲಿ. ಅಲ್ಲಿ ಜರ್ಮನಿಯಿಂದ ವಲಸೆ ಬಂದವರು ಜಾಸ್ತಿ, ಕಪ್ಪು ಜನರ ಕುಟುಂಬಗಳು ತೀರಾ ವಿರಳ. "ಫ್ರಿಟ್ಜ್" ಅನ್ನುವ ಅಡ್ಡಹೆಸರು ಬಂದದ್ದು ಆ ಜರ್ಮನ್ ನೆರೆಹೊರೆಯವರಿಂದ. ಅದೇ ಕೊನೆವರೆಗೂ ಉಳಿಯಿತು.

ಯಾವ ಸ್ಥಾನದಲ್ಲಿ ಆಡುತ್ತಿದ್ದರು?

ಮುಖ್ಯವಾಗಿ ಹಾಫ್‌ಬ್ಯಾಕ್. ಅಂದರೆ ಚೆಂಡು ಹಿಡಿದು ಎದುರಾಳಿಗಳ ಸಾಲನ್ನು ದಾಟಿ ಓಡುವ ಕೆಲಸ. ಕಬಡ್ಡಿ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳ್ಳೆಯ ರೈಡರ್ ಬಲಕ್ಕಿಂತ ಜಾಸ್ತಿ ನಂಬುವುದು ಸೊಂಟದ ತಿರುವನ್ನು, ಕಾಲಿನ ಚುರುಕನ್ನು. ಪೊಲಾರ್ಡ್ ಅಂಥ ಆಟಗಾರ. ಎತ್ತರ 5 ಅಡಿ 9 ಇಂಚು, ತೂಕ ಸುಮಾರು 75 ಕೆಜಿ. ಆ ಕಾಲಕ್ಕೂ ಅದು ದೊಡ್ಡ ಮೈಕಟ್ಟೇನೂ ಅಲ್ಲ.

ಆಗಿನ ಆಟ ಈಗಿನಂತೆ ಇರಲಿಲ್ಲ ಅನ್ನುವುದನ್ನೂ ನೆನಪಿಡಬೇಕು. ದಾಳಿಗೆ ಒಂದು ತಂಡ, ರಕ್ಷಣೆಗೆ ಇನ್ನೊಂದು ತಂಡ ಅಂತ ಇರಲಿಲ್ಲ. ಅದೇ ಹನ್ನೊಂದು ಜನ ಎರಡೂ ಮಾಡಬೇಕು. ತಲೆಗೆ ಇದ್ದರೆ ಒಂದು ತೊಗಲಿನ ಟೋಪಿ. ಅದೂ ಕಡ್ಡಾಯವಲ್ಲ. ಎನ್‌ಎಫ್‌ಎಲ್ ಹೆಲ್ಮೆಟ್ ಕಡ್ಡಾಯ ಮಾಡಿದ್ದೇ 1943ರಲ್ಲಿ. ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮಗಳು ಬಿಗಿಯಾಗಿದ್ದವು. ಆದ್ದರಿಂದ ಪಂದ್ಯ ಗೆಲ್ಲಬೇಕಾದರೆ ಓಡಬಲ್ಲವನೊಬ್ಬ ಬೇಕೇ ಬೇಕಿತ್ತು.

ವೃತ್ತಿಪರನಾಗುವ ಮೊದಲೇ ಹೆಸರು ಮಾಡಿದ್ದರಾ?

ಮಾಡಿದ್ದರು. ದೇಶಕ್ಕೆಲ್ಲ ಗೊತ್ತಿರುವ ಹೆಸರದು. ಆಗ ಕಾಲೇಜು ಫುಟ್‌ಬಾಲ್‌ಗಿದ್ದ ಮರ್ಯಾದೆ ವೃತ್ತಿಪರ ಆಟಕ್ಕೆ ಇರಲಿಲ್ಲ.

1915ರಲ್ಲಿ ಪೊಲಾರ್ಡ್ ರೋಡ್ ಐಲೆಂಡ್‌ನ ಬ್ರೌನ್ ವಿಶ್ವವಿದ್ಯಾಲಯ ಸೇರಿದರು. ಖರ್ಚಿಗೆ ಹಾಸ್ಟೆಲ್ ಕೋಣೆಯಲ್ಲೇ ಸಹಪಾಠಿಗಳ ಬಟ್ಟೆ ಇಸ್ತ್ರಿ ಮಾಡಿಕೊಡುತ್ತಿದ್ದರು. ತಂಡದಲ್ಲಿ ಮೊದಮೊದಲು ಅವರನ್ನು ಯಾರೂ ಹತ್ತಿರ ಸೇರಿಸಲಿಲ್ಲ. ಮೈದಾನದಲ್ಲಿ ಅವರು ಓಡುವುದನ್ನು ನೋಡಿದ ಮೇಲೆ ನಿಧಾನವಾಗಿ ಬದಲಾದರು.

ಆ ಸೀಸನ್ ಮುಗಿದ ಮೇಲೆ ಬ್ರೌನ್ ತಂಡಕ್ಕೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾಗೆ ಕರೆ ಬಂತು. 1916ರ ಜನವರಿ 1ರಂದು ವಾಷಿಂಗ್ಟನ್ ಸ್ಟೇಟ್ ವಿರುದ್ಧ ಪಂದ್ಯ. ರೋಸ್ ಬೌಲ್ ಅಂತ ಕರೆಯುವ ಈ ಹೊಸವರ್ಷದ ಕಾಲೇಜು ಪಂದ್ಯದಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಪೊಲಾರ್ಡ್. ಊರಿಗೆ ಹೋದಾಗ ಹೋಟೆಲ್‌ನವರು ಅವರೊಬ್ಬರಿಗೆ ಮಾತ್ರ ಕೋಣೆ ಕೊಡಲು ಒಪ್ಪಲಿಲ್ಲ. ಹಾಗಾದರೆ ನಮಗ್ಯಾರಿಗೂ ಬೇಡ ಅಂತ ತಂಡದವರು ಹಟ ಹಿಡಿದ ಮೇಲೆ ಕೊಟ್ಟರಂತೆ. ಪಂದ್ಯದ ದಿನ ಮಳೆ. ಮೈದಾನವೆಲ್ಲ ಕೆಸರು. ತಿರುವಿ ತಿರುವಿ ಓಡುವವನಿಗೆ ಅದಕ್ಕಿಂತ ಕೆಟ್ಟ ನೆಲ ಇನ್ನೊಂದಿಲ್ಲ. ಬ್ರೌನ್ 14-0ಯಿಂದ ಸೋತಿತು.

ನಿಜವಾದ ಕಥೆ ಮುಂದಿನ ಸೀಸನ್‌ನದು. 1916ರ ನವೆಂಬರ್‌ನಲ್ಲಿ ಒಂದು ವಾರ ಯೇಲ್ ತಂಡವನ್ನು 21-6ರಿಂದ, ಮರುವಾರ ಹಾರ್ವರ್ಡ್ ತಂಡವನ್ನು 21-0ಯಿಂದ ಬ್ರೌನ್ ಸೋಲಿಸಿತು. ಆ ಎರಡು ಹೆಸರುಗಳು ಆಗ ಕಾಲೇಜು ಫುಟ್‌ಬಾಲ್‌ನ ಗಟ್ಟಿ ಕೋಟೆಗಳು. ಒಂದೇ ಸೀಸನ್‌ನಲ್ಲಿ ಎರಡನ್ನೂ ಮಣಿಸಿದ್ದು ಬ್ರೌನ್‌ಗೆ ಅದೇ ಮೊದಲು. ಎರಡೂ ಗೆಲುವುಗಳ ಕೇಂದ್ರದಲ್ಲಿ ಇದ್ದವರು ಪೊಲಾರ್ಡ್. ವರ್ಷದ ಕೊನೆಗೆ ವಾಲ್ಟರ್ ಕ್ಯಾಂಪ್ ತಮ್ಮ ಆಲ್-ಅಮೆರಿಕ ತಂಡದಲ್ಲಿ, ಅಂದರೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿಯಲ್ಲಿ, ಅವರ ಹೆಸರು ಸೇರಿಸಿದರು. ಕ್ಯಾಂಪ್ ಅಂದರೆ ಈ ಆಟದ ನಿಯಮಗಳನ್ನೇ ರೂಪಿಸಿದ ಹಿರಿಯರು. ಅವರ ಪಟ್ಟಿಗೆ ಸೇರುವುದು ದೊಡ್ಡ ಮಾತು. ಓಡುವ ಸ್ಥಾನದಲ್ಲಿ ಆಡುವ ಕಪ್ಪು ಆಟಗಾರನೊಬ್ಬ ಅದರ ಮೊದಲ ತಂಡಕ್ಕೆ ಬಂದದ್ದು ಅದೇ ಮೊದಲು.

ಯೇಲ್ ಪ್ರೇಕ್ಷಕರು ಅವರನ್ನು ಅಣಕಿಸಿ ಒಂದು ಪ್ರಸಿದ್ಧ ಹಾಡು ಹಾಡಿದರಂತೆ, ನಿಜವಾ?

ಈ ಕಥೆ ತುಂಬ ಕಡೆ ಸಿಗುತ್ತದೆ. ಹಕ್ಕಿಯ ಹೆಸರಿರುವ ಆ ಹಾಡು, "ಬೈ ಬೈ ಬ್ಲ್ಯಾಕ್‌ಬರ್ಡ್", ಪ್ರಕಟವಾದದ್ದು 1926ರಲ್ಲಿ. ಪೊಲಾರ್ಡ್ ಯೇಲ್ ವಿರುದ್ಧ ಆಡಿದ್ದು ಅದಕ್ಕೆ ಹತ್ತು ವರ್ಷ ಮೊದಲು. ಹಾಗಾಗಿ ಅದೇ ಹಾಡು ಆಗಿರಲು ಸಾಧ್ಯವಿಲ್ಲ. ಆದರೆ ಅಷ್ಟಕ್ಕೇ ಅವಮಾನವೇ ಆಗಲಿಲ್ಲ ಅಂದುಕೊಳ್ಳಬೇಡಿ. ಬೈಗುಳ, ಕೂಗು, ಬೇಕಂತಲೇ ಮೈಮೇಲೆ ಬೀಳುವುದು, ಎಲ್ಲವನ್ನೂ ಅವರು ಕಾಲೇಜು ದಿನಗಳಿಂದಲೇ ಉಂಡವರು.

ಕಾಲೇಜು ಬಿಟ್ಟ ಮೇಲೆ ಏನು ಮಾಡಿದರು?

ಓದಿನಲ್ಲಿ ಹಿಂದೆ ಬಿದ್ದದ್ದರಿಂದ ಬ್ರೌನ್ ತಂಡಕ್ಕೆ ಆಡುವ ಅರ್ಹತೆ ಹೋಯಿತು. ಮೊದಲ ಮಹಾಯುದ್ಧದ ಸಮಯದಲ್ಲಿ ಮೇರಿಲ್ಯಾಂಡ್‌ನ ಕ್ಯಾಂಪ್ ಮೀಡ್‌ನಲ್ಲಿ ವೈಎಂಸಿಎ ಪರವಾಗಿ ಸೈನಿಕರ ವ್ಯಾಯಾಮ, ಆಟೋಟ ನೋಡಿಕೊಂಡರು. 1918ರಿಂದ ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಆದರು. ಅದು ಕಪ್ಪು ವಿದ್ಯಾರ್ಥಿಗಳಿಗಾಗಿ ಕಟ್ಟಿದ ಹಳೆಯ ಸಂಸ್ಥೆ. 1919ರಲ್ಲಿ ಒಹಾಯೋದ ಆಕ್ರನ್ ತಂಡದಿಂದ ಕರೆ ಬಂತು. ಕೆಲಕಾಲ ಒಂದೇ ಸೀಸನ್‌ನಲ್ಲಿ ಇಲ್ಲಿ ಕೋಚ್, ಅಲ್ಲಿ ಆಟಗಾರ.

ಆಗ ವೃತ್ತಿಪರ ಫುಟ್‌ಬಾಲ್ ಹೇಗಿತ್ತು?

ಹಣ ಕೊಟ್ಟು ಆಡಿಸುವುದು ಶುರುವಾಗಿ ಆಗಲೇ ಸುಮಾರು ಮೂರು ದಶಕ ಆಗಿತ್ತು. 1892ರ ನವೆಂಬರ್ 12ರಂದು ಪಿಟ್ಸ್‌ಬರ್ಗ್‌ನಲ್ಲಿ ಪಜ್ ಹೆಫೆಲ್‌ಫಿಂಗರ್ ಎಂಬವರಿಗೆ ಒಂದು ಪಂದ್ಯಕ್ಕೆ 500 ಡಾಲರ್ ಕೊಟ್ಟದ್ದು ದಾಖಲಾಗಿದೆ. ಅವರನ್ನೇ ಮೊದಲ ವೃತ್ತಿಪರ ಆಟಗಾರ ಅನ್ನುತ್ತಾರೆ.

ಆಮೇಲೆ ಒಹಾಯೋದ ಕೈಗಾರಿಕಾ ಊರುಗಳು ಈ ಆಟವನ್ನು ತಲೆಮೇಲೆ ಹೊತ್ತವು. ಕ್ಯಾಂಟನ್, ಮ್ಯಾಸಿಲನ್, ಆಕ್ರನ್, ಡೇಟನ್. ಊರಿನ ಮಾನದ ಪ್ರಶ್ನೆ. ಜೂಜು ಸಹ ಜೋರು. ಒಪ್ಪಂದಗಳಿಗೆ ಬೆಲೆ ಇರಲಿಲ್ಲ. ಯಾರು ಜಾಸ್ತಿ ದುಡ್ಡು ಕೊಡುತ್ತಾರೋ ಆ ಕಡೆ ಆಟಗಾರರು ಹೋಗುತ್ತಿದ್ದರು. ಕಾಲೇಜಿನಲ್ಲಿ ಇನ್ನೂ ಓದುತ್ತಿರುವವರನ್ನು ಸುಳ್ಳು ಹೆಸರಿನಲ್ಲಿ ಇಳಿಸುವುದೂ ಇತ್ತು.

ಇದಕ್ಕೊಂದು ಕಟ್ಟುಪಾಡು ಬೇಕು ಅಂತ 1920ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ತಂಡಗಳ ಮಾಲೀಕರು ಕ್ಯಾಂಟನ್‌ನಲ್ಲಿ ಸೇರಿದರು. ಸೇರಿದ್ದು ರಾಲ್ಫ್ ಹೇ ಎಂಬವರ ಕಾರು ಶೋರೂಮಿನಲ್ಲಿ. ಅಲ್ಲಿ ಹುಟ್ಟಿದ ಅಮೆರಿಕನ್ ಪ್ರೊಫೆಷನಲ್ ಫುಟ್‌ಬಾಲ್ ಅಸೋಸಿಯೇಷನ್ ಎರಡು ವರ್ಷ ಕಳೆದು, 1922ರಲ್ಲಿ, ಎನ್‌ಎಫ್‌ಎಲ್ ಅಂತ ಹೆಸರು ಬದಲಿಸಿಕೊಂಡಿತು. ಮೊದಲ ಅಧ್ಯಕ್ಷರು ಒಲಿಂಪಿಕ್ಸ್ ಚಾಂಪಿಯನ್ ಜಿಮ್ ಥಾರ್ಪ್. ಆ ಮೊದಲ ಸೀಸನ್‌ನ 14 ತಂಡಗಳಲ್ಲಿ ಇವತ್ತಿಗೂ ಉಳಿದಿರುವುದು ಎರಡೇ. ಒಂದು ಈಗಿನ ಷಿಕಾಗೋ ಬೇರ್ಸ್, ಇನ್ನೊಂದು ಈಗಿನ ಅರಿಜೋನಾ ಕಾರ್ಡಿನಲ್ಸ್.

1920ರ ಸೀಸನ್‌ನಲ್ಲಿ ಆಕ್ರನ್ ಪ್ರೋಸ್ ಏನು ಸಾಧಿಸಿತು?

ಈ ಪ್ರಶ್ನೆಗೆ ಉತ್ತರಿಸಲು ನನಗೆ ತುಂಬ ಇಷ್ಟ. 11 ಪಂದ್ಯ. 8 ಗೆಲುವು, 3 ಡ್ರಾ, ಸೋಲೇ ಇಲ್ಲ. ಇಡೀ ಸೀಸನ್‌ನಲ್ಲಿ 151 ಪಾಯಿಂಟ್ ಗಳಿಸಿ, ಬಿಟ್ಟುಕೊಟ್ಟದ್ದು ಕೇವಲ 7. ಆ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಕೂಡ ಬಂದದ್ದು ಕ್ಲೀವ್‌ಲ್ಯಾಂಡ್ ವಿರುದ್ಧ 7-7ರಲ್ಲಿ ಡ್ರಾ ಆದ ಪಂದ್ಯದಲ್ಲಿ. ಮಿಕ್ಕ ಹತ್ತು ಪಂದ್ಯಗಳಲ್ಲಿ ಎದುರಾಳಿಗಳಿಗೆ ಸೊನ್ನೆ.

ಥಾರ್ಪ್ ಅವರ ಕ್ಯಾಂಟನ್ ಬುಲ್‌ಡಾಗ್ಸ್ ಆಗ ಎಲ್ಲರೂ ಹೆದರುತ್ತಿದ್ದ ತಂಡ. ಅದನ್ನು ಆಕ್ರನ್ ಎರಡು ಸಲ ಸೋಲಿಸಿತು, ಒಮ್ಮೆ 10-0, ಇನ್ನೊಮ್ಮೆ ಥ್ಯಾಂಕ್ಸ್‌ಗಿವಿಂಗ್ ದಿನ 7-0.

ಕೊನೆಯ ಪಂದ್ಯ ಡಿಸೆಂಬರ್ 12ರಂದು ಷಿಕಾಗೋದಲ್ಲಿ, ಜಾರ್ಜ್ ಹ್ಯಾಲಸ್ ಅವರ ಡೆಕೇಟರ್ ಸ್ಟೇಲೀಸ್ ವಿರುದ್ಧ. ಈ ಪಂದ್ಯಕ್ಕಾಗಿ ಹ್ಯಾಲಸ್ ಇನ್ನೊಂದು ತಂಡದ ತಾರೆ ಪ್ಯಾಡಿ ಡ್ರಿಸ್ಕಾಲ್ ಅವರನ್ನು ಎರವಲು ತಂದರು. ಯಾವುದನ್ನು ತಡೆಯಲು ಲೀಗ್ ಕಟ್ಟಿದರೋ ಅದನ್ನೇ ಮೊದಲ ವರ್ಷವೇ ಮಾಡಿದ್ದು. ಆದರೂ ಪಂದ್ಯ 0-0. ಆಕ್ರನ್ ಅಜೇಯವಾಗಿಯೇ ಉಳಿಯಿತು.

ಹಾಗಾದರೆ ಫೈನಲ್ ಪಂದ್ಯ ಇರಲಿಲ್ವಾ?

ಇರಲಿಲ್ಲ. ಒಂದೇ ವೇಳಾಪಟ್ಟಿಯೂ ಇರಲಿಲ್ಲ. ಒಂದೊಂದು ತಂಡ ಒಂದೊಂದು ಲೆಕ್ಕದಲ್ಲಿ ಪಂದ್ಯ ಆಡಿತ್ತು. ಬಫಲೋ ಮತ್ತು ಡೆಕೇಟರ್ ತಾವೇ ಚಾಂಪಿಯನ್ ಅಂತ ವಾದಿಸಿದವು. ಕೊನೆಗೆ 1921ರ ಏಪ್ರಿಲ್ 30ರಂದು ಸಭೆ ಸೇರಿ ಮತ ಹಾಕಿ ಆಕ್ರನ್ ಅನ್ನು ಚಾಂಪಿಯನ್ ಅಂತ ಘೋಷಿಸಿದರು.

ಬೇಸರದ ಸಂಗತಿ ಅಂದರೆ ಲೀಗ್ ಮುಂದೆ ಈ ತೀರ್ಮಾನವನ್ನೇ ಮರೆತುಬಿಟ್ಟಿತು. ದಶಕಗಳ ಕಾಲ ಅದರ ದಾಖಲೆ ಪುಸ್ತಕಗಳಲ್ಲಿ 1920ರ ಚಾಂಪಿಯನ್ ಯಾರೆಂದು ನಿರ್ಧಾರವಾಗಿಲ್ಲ ಅಂತಲೇ ಅಚ್ಚಾಗುತ್ತಿತ್ತು. 1970ರ ದಶಕದಲ್ಲಿ ಅದನ್ನು ಸರಿಪಡಿಸಿದರು. ಆಗ ಪೊಲಾರ್ಡ್ ಎಂಬತ್ತರ ಆಸುಪಾಸಿನಲ್ಲಿದ್ದರು.

ಆಕ್ರನ್ ಊರಿನ ಜನ ಅವರನ್ನು ಹೇಗೆ ನಡೆಸಿಕೊಂಡರು?

ಆಕ್ರನ್ ಅಂದರೆ ಟೈರ್ ಕಾರ್ಖಾನೆಗಳ ಊರು. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಎಲ್ಲ ಅಲ್ಲಿನವೇ. ಕೆಲಸಕ್ಕಾಗಿ ದಕ್ಷಿಣದ ರಾಜ್ಯಗಳಿಂದ ಬಂದ ಬಿಳಿಯರು ಬಹಳ. ಅವರ ಜೊತೆ ಅಲ್ಲಿಯ ಜನಾಂಗ ದ್ವೇಷವೂ ಬಂದಿತ್ತು.

ತಂಡದ ಉಳಿದವರು ಬಟ್ಟೆ ಬದಲಿಸುವ ಕೋಣೆಗೆ ಪೊಲಾರ್ಡ್ ಹೋಗುವಂತಿರಲಿಲ್ಲ. ಮಾಲೀಕರಲ್ಲೊಬ್ಬರಾದ ಫ್ರ್ಯಾಂಕ್ ನೀಡ್ ಅವರದ್ದೊಂದು ಸಿಗಾರ್ ಅಂಗಡಿ ಇತ್ತು. ಅಲ್ಲಿ ಬಟ್ಟೆ ಹಾಕಿಕೊಂಡು, ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಮೈದಾನಕ್ಕೆ ಬರುತ್ತಿದ್ದರು. ಊರಿನ ಹೋಟೆಲ್‌ಗಳಲ್ಲಿ ಊಟ ಸಿಗುತ್ತಿರಲಿಲ್ಲ, ಕೋಣೆ ಸಿಗುತ್ತಿರಲಿಲ್ಲ. ಇದು ಬೇರೆ ಊರಿನ ಮಾತಲ್ಲ. ತಮ್ಮ ತಂಡವನ್ನು ಚಾಂಪಿಯನ್ ಮಾಡುತ್ತಿರುವವನಿಗೆ ಅದೇ ಊರು ತೋರಿಸಿದ ಮುಖ ಇದು. ಓದುವಾಗ ಈಗಲೂ ಸಂಕಟವಾಗುತ್ತದೆ.

ಮೈದಾನದಲ್ಲಿ ತಮ್ಮನ್ನು ಹೇಗೆ ಕಾಪಾಡಿಕೊಂಡರು?

ಓಡುವವನನ್ನು ಕೆಡವಿದ ಮೇಲೂ ಮೇಲೆ ಬಂದು ರಾಶಿ ಬೀಳುವುದು, ಮೊಣಕೈಯಿಂದ ತಿವಿಯುವುದು, ಮುಖ ಮುರಿಯುವಂತೆ ಒದೆಯುವುದು ಎದುರಾಳಿಗಳ ಅಭ್ಯಾಸವಾಗಿತ್ತು. ಅದಕ್ಕೆ ಪೊಲಾರ್ಡ್ ಒಂದು ಉಪಾಯ ಕಂಡುಕೊಂಡಿದ್ದರು. ಬಿದ್ದ ತಕ್ಷಣ ಬೆನ್ನ ಮೇಲೆ ಹೊರಳಿ, ಎರಡೂ ಕಾಲು ಮೇಲೆತ್ತಿ ಗಿರಗಿರ ಆಡಿಸುವುದು. ಮೊಳೆಗಳಿರುವ ಬೂಟು. ಮೈಮೇಲೆ ಹಾರಿ ಬರುವವನು ಎರಡು ಸಲ ಯೋಚಿಸಬೇಕು.

ಇನ್ನೊಂದು, ಅವರು ತಿರುಗಿ ಹೊಡೆದಾಡಲು ಹೋಗುತ್ತಿರಲಿಲ್ಲ. ಜಗಳ ಶುರುವಾದರೆ ಅದನ್ನೇ ನೆಪ ಮಾಡಿ ತಮ್ಮನ್ನು ಹೊರಗೆ ಹಾಕುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಉತ್ತರವೇನಿದ್ದರೂ ಮುಂದಿನ ಓಟದಲ್ಲಿ.

ಅವರೇ ಮೊದಲ ಕಪ್ಪು ವೃತ್ತಿಪರ ಆಟಗಾರರಾ?

ಅಲ್ಲ. ಆ ಗೌರವ ಚಾರ್ಲ್ಸ್ ಫಾಲಿಸ್ ಅವರದು. 1904ರಲ್ಲೇ ಒಹಾಯೋದ ಶೆಲ್ಬಿ ತಂಡ ಅವರ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಎನ್‌ಎಫ್‌ಎಲ್ ಆದ ಲೀಗಿನ ಮೊದಲ ವರ್ಷ ಆಡಿದ ಕಪ್ಪು ಆಟಗಾರರು ಇಬ್ಬರು. ಒಬ್ಬರು ಪೊಲಾರ್ಡ್, ಇನ್ನೊಬ್ಬರು ರಾಕ್ ಐಲೆಂಡ್ ತಂಡದ ಬಾಬಿ ಮಾರ್ಷಲ್. ಮಾರ್ಷಲ್‌ಗೆ ಆಗಲೇ 40 ವರ್ಷ! ಪೊಲಾರ್ಡ್ ಒಬ್ಬರನ್ನೇ ಹೊಗಳುವ ಭರದಲ್ಲಿ ಈ ಇಬ್ಬರನ್ನು ಬಿಡಬಾರದು.

1921ರಲ್ಲಿ ಅವರು ನಿಜವಾಗಿ ಮುಖ್ಯ ಕೋಚ್ ಆಗಿದ್ದರಾ, ಸುಮ್ನೆ ಹೆಸರಿಗಾ?

ಎಲ್ಗೀ ಟೋಬಿನ್ ಎಂಬವರ ಜೊತೆ ಸೇರಿ ಕೋಚ್ ಆಗಿದ್ದರು. ಟೋಬಿನ್ ಹಿಂದಿನ ವರ್ಷದ ಕೋಚ್. ಜಂಟಿ ಹುದ್ದೆ ಅನ್ನುವ ಕಾರಣಕ್ಕೆ ಕೆಲವರು ಇದನ್ನು ಸಣ್ಣದು ಮಾಡಿ ಮಾತಾಡುತ್ತಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ.

ಆಗ ಕೋಚ್ ಅಂದರೆ ಗೆರೆಯಾಚೆ ನಿಂತು ಸೂಚನೆ ಕೊಡುವವರಲ್ಲ. ಬಹಳಷ್ಟು ತಂಡಗಳಲ್ಲಿ ಆಡುವವರೇ ಕೋಚ್. ಪೊಲಾರ್ಡ್‌ಗೆ ಬ್ರೌನ್‌ನಲ್ಲಿ ಕಲಿತ ತಂತ್ರಗಳ ದೊಡ್ಡ ಗಂಟೇ ಇತ್ತು. ಲಿಂಕನ್‌ನಲ್ಲಿ ಹುಡುಗರಿಗೆ ಕಲಿಸಿದ ಅನುಭವ ಇತ್ತು. ಬಿಳಿಯ ಆಟಗಾರರೇ ತುಂಬಿದ ತಂಡ, ಕಪ್ಪು ಮನುಷ್ಯ ಹೇಳಿದಂತೆ ಆಡಿತು, 1921ರ ಅಮೆರಿಕದಲ್ಲಿ. ದಕ್ಷಿಣದಲ್ಲಿ ಕಪ್ಪು ಜನರನ್ನು ಗುಂಪು ಸೇರಿ ಕೊಲ್ಲುತ್ತಿದ್ದ ಕಾಲ ಅದು. ಆ ವರ್ಷ ಆಕ್ರನ್ 8 ಪಂದ್ಯ ಗೆದ್ದು, 3 ಸೋತು, 1 ಡ್ರಾ ಮಾಡಿಕೊಂಡು ಮೂರನೇ ಸ್ಥಾನಕ್ಕೆ ಬಂತು.

ಮುಂದೆ ಇಂಡಿಯಾನಾದ ಹ್ಯಾಮಂಡ್ ತಂಡಕ್ಕೂ ಅವರು ಕೋಚ್ ಆಗಿದ್ದರು.

ಪಾಲ್ ರೋಬ್ಸನ್‌ಗೂ ಇವರಿಗೂ ಏನು ಸಂಬಂಧ?

ಹಾಡುಗಾರ, ನಟ, ಹೋರಾಟಗಾರ ಪಾಲ್ ರೋಬ್ಸನ್ ನಮ್ಮಲ್ಲೂ ಅನೇಕರಿಗೆ ಗೊತ್ತು. 1958ರಲ್ಲಿ ಅವರ 60ನೇ ಹುಟ್ಟುಹಬ್ಬವನ್ನು ಭಾರತದಲ್ಲೂ ಆಚರಿಸಿದ್ದರು, ನೆಹರೂ ಅದಕ್ಕೆ ಬೆಂಬಲ ಕೊಟ್ಟಿದ್ದರು. ಅವರು ಎನ್‌ಎಫ್‌ಎಲ್‌ನಲ್ಲಿ ಫುಟ್‌ಬಾಲ್ ಆಡಿದ್ದರು ಅನ್ನುವುದು ಮಾತ್ರ ತುಂಬ ಜನಕ್ಕೆ ಗೊತ್ತಿಲ್ಲ.

ಕರೆತಂದವರು ಪೊಲಾರ್ಡ್. ರಟ್ಗರ್ಸ್ ಕಾಲೇಜಿನಲ್ಲಿ ದೊಡ್ಡ ತಾರೆಯಾಗಿದ್ದ ರೋಬ್ಸನ್ ಆಗ ನ್ಯೂಯಾರ್ಕ್‌ನ ಕೊಲಂಬಿಯಾದಲ್ಲಿ ಕಾನೂನು ಓದುತ್ತಿದ್ದರು. ವಾರಾಂತ್ಯದ ಪಂದ್ಯಗಳ ದುಡ್ಡು ಓದಿನ ಖರ್ಚಿಗೆ ಆಗುತ್ತಿತ್ತು. 1921ರಲ್ಲಿ ಇಬ್ಬರೂ ಆಕ್ರನ್‌ನಲ್ಲಿ, 1922ರಲ್ಲಿ ಇಬ್ಬರೂ ಮಿಲ್ವಾಕೀ ಬ್ಯಾಜರ್ಸ್ ತಂಡದಲ್ಲಿ ಆಡಿದರು. ಆ ವರ್ಷ ಥಾರ್ಪ್ ಅವರ ಊರಾಂಗ್ ಇಂಡಿಯನ್ಸ್ ತಂಡವನ್ನು ಮಿಲ್ವಾಕೀ 13-0ಯಿಂದ ಸೋಲಿಸಿತು. ಎರಡೂ ಟಚ್‌ಡೌನ್ ರೋಬ್ಸನ್ ಅವರದ್ದೇ.

ತಾನೊಬ್ಬ ಒಳಗೆ ಬಂದರೆ ಸಾಲದು, ಬಾಗಿಲು ತೆರೆದಿರುವಾಗ ಇನ್ನೂ ನಾಲ್ಕು ಜನರನ್ನು ಕರೆತರಬೇಕು ಅನ್ನುವುದು ಪೊಲಾರ್ಡ್ ಸ್ವಭಾವ. ನನ್ನ ದೃಷ್ಟಿಯಲ್ಲಿ ಅವರ ಆಟದಷ್ಟೇ ದೊಡ್ಡ ಕೆಲಸ ಇದು.

ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರೇ ಅಂತಾರಲ್ಲ?

ಕ್ವಾರ್ಟರ್‌ಬ್ಯಾಕ್ ಅಂದರೆ ತಂಡದ ದಾಳಿಯನ್ನು ಮುನ್ನಡೆಸುವವನು. 1923ರಲ್ಲಿ ಹ್ಯಾಮಂಡ್ ಪರ ಆ ಸ್ಥಾನದಲ್ಲಿ ಆಡಿದ್ದನ್ನು ಲೆಕ್ಕಕ್ಕೆ ಹಿಡಿದು ಹಾಗೆ ಹೇಳುತ್ತಾರೆ. ಆದರೆ ಈಗಿನ ಕ್ವಾರ್ಟರ್‌ಬ್ಯಾಕ್‌ನಂತೆ ಹಿಂದೆ ನಿಂತು ಉದ್ದುದ್ದ ಎಸೆಯುವ ಕೆಲಸ ಅದಾಗಿರಲಿಲ್ಲ. ಕಪ್ಪು ಕ್ವಾರ್ಟರ್‌ಬ್ಯಾಕ್ ಒಬ್ಬರು ಸೂಪರ್ ಬೌಲ್ ಗೆಲ್ಲಿಸಿದ್ದು 1988ರ ಜನವರಿಯಲ್ಲಿ, ವಾಷಿಂಗ್ಟನ್ ತಂಡದ ಡಗ್ ವಿಲಿಯಮ್ಸ್.

ಒಟ್ಟು ಎಷ್ಟು ಗಜ ಓಡಿದರು? ಅಂಕಿಅಂಶ ಎಲ್ಲಿ ಸಿಗುತ್ತದೆ?

ಎಲ್ಲಿಯೂ ಪೂರ್ತಿ ಸಿಗುವುದಿಲ್ಲ. ಲೀಗ್ ಅಧಿಕೃತವಾಗಿ ಅಂಕಿಅಂಶ ಇಡಲು ಶುರು ಮಾಡಿದ್ದೇ 1932ರಲ್ಲಿ. ಅಷ್ಟರಲ್ಲಿ ಅವರು ಎನ್‌ಎಫ್‌ಎಲ್ ಬಿಟ್ಟು ಆರು ವರ್ಷ ಆಗಿತ್ತು. ಅದಕ್ಕೂ ಹಿಂದಿನದೆಲ್ಲ ಊರೂರಿನ ಪತ್ರಿಕೆಗಳ ವರದಿಗಳಿಂದ ಹೆಕ್ಕಿ ತೆಗೆದದ್ದು. ಸಂಖ್ಯೆ ಇಲ್ಲದ ಆಟಗಾರನನ್ನು ಸಂಖ್ಯೆ ಇರುವವರ ಜೊತೆ ಹೋಲಿಸಿ ಚಿಕ್ಕವನನ್ನಾಗಿ ಮಾಡುವುದು ಅನ್ಯಾಯ. ಅವರ ವಿಷಯದಲ್ಲಿ ಆದದ್ದು ಇದೇ.

ಯಾವ ಯಾವ ತಂಡಗಳಿಗೆ ಆಡಿದರು?

ಆಕ್ರನ್‌ಗೆ 1919ರಿಂದ 1921ರವರೆಗೆ, ಮತ್ತೆ 1925 ಮತ್ತು 1926ರಲ್ಲಿ. ನಡುವೆ ಮಿಲ್ವಾಕೀ, ಹ್ಯಾಮಂಡ್, ಪ್ರಾವಿಡೆನ್ಸ್ ಸ್ಟೀಮ್ ರೋಲರ್. ಇವುಗಳ ಜೊತೆ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳ ಸೀಮೆಯ ಗಿಲ್ಬರ್ಟನ್ ತಂಡಕ್ಕೂ ಆಡಿದರು. ಅದು ಎನ್‌ಎಫ್‌ಎಲ್‌ನಲ್ಲಿ ಇರಲಿಲ್ಲ. ಗಣಿ ಕೆಲಸಗಾರರ ಊರುಗಳಲ್ಲಿ ಪಂದ್ಯ ಅಂದರೆ ಜನವೋ ಜನ. ಅಲ್ಲಿ ಒರಟುತನವೂ ಜಾಸ್ತಿ.

1926ರ ನಂತರ ಯಾಕೆ ಆಡಲಿಲ್ಲ?

ಆ ಸೀಸನ್‌ನ ನಡುವೆ ಆಕ್ರನ್ ಅವರನ್ನು ಕೈಬಿಟ್ಟಿತು. ವಯಸ್ಸು 32. ಓಡುವವನಿಗೆ ಅದು ಇಳಿಗಾಲ ಅನ್ನುವುದು ನಿಜ. ಆದರೆ ಅಷ್ಟೇ ಕಾರಣ ಅಂದರೆ ಅರ್ಧ ಹೇಳಿದಂತೆ.

1926ರಲ್ಲಿ ಎನ್‌ಎಫ್‌ಎಲ್‌ನಲ್ಲಿ 22 ತಂಡ ಇದ್ದವು. ಮರುವರ್ಷ 12ಕ್ಕೆ ಇಳಿಸಿದರು. ಆಕ್ರನ್, ಹ್ಯಾಮಂಡ್‌ನಂಥ ಸಣ್ಣ ಊರುಗಳ ತಂಡಗಳು ಹೋದವು. ಕಪ್ಪು ಆಟಗಾರರಿಗೆ ಜಾಗ ಕೊಟ್ಟಿದ್ದು ಹೆಚ್ಚಾಗಿ ಈ ಸಣ್ಣ ತಂಡಗಳೇ. ಉಳಿದ ಕೆಲಸಗಳಿಗೆ ಪೈಪೋಟಿ ಬಿದ್ದಾಗ ಮೊದಲು ಹೊರಗೆ ಬಿದ್ದವರು ಅವರು. ಷಿಕಾಗೋ ಕಾರ್ಡಿನಲ್ಸ್‌ನ ಡ್ಯೂಕ್ ಸ್ಲೇಟರ್‌ರಂಥ ಒಬ್ಬಿಬ್ಬರು ಮಾತ್ರ ಉಳಿದರು.

ಎನ್‌ಎಫ್‌ಎಲ್ ಕಪ್ಪು ಆಟಗಾರರನ್ನು ನಿಷೇಧಿಸಿತ್ತಾ?

ಕಾಗದದ ಮೇಲೆ ನಿಷೇಧ ಎಂದೂ ಇರಲಿಲ್ಲ. ಅದೇ ಇದರಲ್ಲಿರುವ ಕೆಟ್ಟ ವಿಷಯ. 1920ರಿಂದ 1933ರವರೆಗೆ 13 ಮಂದಿ ಕಪ್ಪು ಆಟಗಾರರು ಲೀಗಿನಲ್ಲಿ ಆಡಿದ್ದರು. 1933ರಲ್ಲಿ ಕೊನೆಗೆ ಉಳಿದವರು ಜೋ ಲಿಲ್ಲರ್ಡ್ ಮತ್ತು ರೇ ಕೆಂಪ್. ಅವರ ನಂತರ 1946ರವರೆಗೆ ಒಬ್ಬರೂ ಇಲ್ಲ. ಹನ್ನೆರಡು ಸೀಸನ್ ಪೂರ್ತಿ ಖಾಲಿ. ಮಾಲೀಕರ ನಡುವೆ ಒಳಗೊಳಗೇ ಮಾತಾಗಿತ್ತು ಅನ್ನುವುದು ಪೊಲಾರ್ಡ್ ಅವರ ದೃಢ ನಂಬಿಕೆ. ಮಾಲೀಕರು ಒಪ್ಪಲಿಲ್ಲ. ಹ್ಯಾಲಸ್ ಕೂಡ ಅಲ್ಲಗಳೆದರು. ಆದರೆ ಇಡೀ ದೇಶದಲ್ಲಿ ಹನ್ನೆರಡು ವರ್ಷ ಒಬ್ಬನೇ ಒಬ್ಬ ಯೋಗ್ಯ ಕಪ್ಪು ಆಟಗಾರ ಸಿಗಲಿಲ್ಲ ಅಂದರೆ ನಂಬುವುದು ಹೇಗೆ?

1946ರಲ್ಲಿ ಕ್ಲೀವ್‌ಲ್ಯಾಂಡ್‌ನ ರ್‍ಯಾಮ್ಸ್ ತಂಡ ಲಾಸ್ ಏಂಜಲೀಸ್‌ಗೆ ಬಂತು. ಅಲ್ಲಿಯ ಕೊಲಿಸಿಯಂ ಸಾರ್ವಜನಿಕರ ದುಡ್ಡಿನ ಕ್ರೀಡಾಂಗಣ. ಎಲ್ಲರ ತೆರಿಗೆಯಿಂದ ಕಟ್ಟಿದ ಕಡೆ ಬಿಳಿಯರು ಮಾತ್ರ ಆಡುವುದು ಹೇಗೆ ಅಂತ ಕಪ್ಪು ಪತ್ರಕರ್ತರು ಪಟ್ಟು ಹಿಡಿದರು. ರ್‍ಯಾಮ್ಸ್ ಆಗ ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ಅವರನ್ನು ಸೇರಿಸಿಕೊಂಡಿತು. ಕೊನೆಯದಾಗಿ ಮಣಿದದ್ದು ವಾಷಿಂಗ್ಟನ್ ತಂಡ, 1962ರಲ್ಲಿ.

ಲೀಗ್ ಬಿಟ್ಟ ಮೇಲೆ ಪೊಲಾರ್ಡ್ ಸುಮ್ಮನೆ ಕೂತರಾ?

ಇಲ್ಲ. 1928ರಲ್ಲಿ ಷಿಕಾಗೋ ಬ್ಲ್ಯಾಕ್ ಹಾಕ್ಸ್ ಅಂತ ಕಪ್ಪು ಆಟಗಾರರದ್ದೇ ತಂಡ ಕಟ್ಟಿದರು. ಬಿಳಿಯರ ತಂಡಗಳ ಜೊತೆ ಪಂದ್ಯ ಆಡಿಸಿ, ಇಬ್ಬರೂ ಒಂದೇ ಮೈದಾನದಲ್ಲಿ ಆಡಿದರೆ ಏನೂ ಆಗುವುದಿಲ್ಲ ಅಂತ ತೋರಿಸುವುದು ಅವರ ಉದ್ದೇಶ. ಆರ್ಥಿಕ ಕುಸಿತದ ದಿನಗಳಲ್ಲಿ ಆ ತಂಡ ನಿಂತುಹೋಯಿತು. 1935ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಂ ಬಡಾವಣೆಯ ಬ್ರೌನ್ ಬಾಂಬರ್ಸ್ ತಂಡಕ್ಕೆ ಕೋಚ್ ಆದರು. ಬಾಕ್ಸರ್ ಜೋ ಲೂಯಿಸ್ ಅವರ ಅಡ್ಡಹೆಸರನ್ನೇ ತಂಡಕ್ಕೆ ಇಟ್ಟಿದ್ದರು. ಎನ್‌ಎಫ್‌ಎಲ್‌ನಿಂದ ಹೊರಬಿದ್ದ ಜೋ ಲಿಲ್ಲರ್ಡ್ ಕೂಡ ಅಲ್ಲಿ ಆಡಿದರು.

ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು?

ಏನೆಲ್ಲ ಮಾಡಲಿಲ್ಲ ಅಂತ ಕೇಳಬೇಕು. ಆಡುತ್ತಿರುವಾಗಲೇ, 1922ರಲ್ಲಿ, ಷಿಕಾಗೋದಲ್ಲಿ ಕಪ್ಪು ಜನರಿಗಾಗಿ ಹೂಡಿಕೆ ಸಂಸ್ಥೆ ತೆರೆದರು. ಅದು 1931ರಲ್ಲಿ ದಿವಾಳಿಯಾಯಿತು. ಆಮೇಲೆ ನ್ಯೂಯಾರ್ಕ್‌ನಲ್ಲಿ ಪತ್ರಿಕೆ ನಡೆಸಿದರು. ಕಲಾವಿದರಿಗೆ ಕಾರ್ಯಕ್ರಮ ಹೊಂದಿಸಿಕೊಟ್ಟರು. ಸಿನಿಮಾ ತಯಾರಿಸಿದರು. ತೆರಿಗೆ ಸಲಹೆಗಾರರೂ ಆಗಿದ್ದರು. 1986ರ ಮೇ 11ರಂದು ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಲ್ ಆಫ್ ಫೇಮ್ ಗೌರವ ಯಾವಾಗ ಬಂತು?

ಹಾಲ್ ಆಫ್ ಫೇಮ್ ಅಂದರೆ ಆಟದ ದಿಗ್ಗಜರ ಗೌರವ ಭವನ. ಕಾಲೇಜು ಫುಟ್‌ಬಾಲ್‌ನದ್ದು 1954ರಲ್ಲೇ. ಅವರಿಗಿಂತ ಮೊದಲು, 1951ರಲ್ಲಿ, ಡ್ಯೂಕ್ ಸ್ಲೇಟರ್ ಅಲ್ಲಿಗೆ ಆಯ್ಕೆಯಾಗಿದ್ದರು. 1981ರಲ್ಲಿ ಬ್ರೌನ್ ಗೌರವ ಡಾಕ್ಟರೇಟ್ ಕೊಟ್ಟಿತು.

ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಮಾತ್ರ 2005ರವರೆಗೆ ಕಾಯಿಸಿತು. ಅದು ಕ್ಯಾಂಟನ್‌ನಲ್ಲಿ 1963ರಲ್ಲಿ ತೆರೆದಾಗ ಥಾರ್ಪ್, ಹ್ಯಾಲಸ್ ಮೊದಲ ಸಾಲಿನಲ್ಲೇ ಸೇರಿದ್ದರು. ಅವರ ಎದುರು ಆಡಿ, ಅವರ ತಂಡಗಳಿಗೆ ಒಂದೂ ಪಾಯಿಂಟ್ ಬಿಟ್ಟುಕೊಡದ ಚಾಂಪಿಯನ್ ತಂಡದವರು ಇನ್ನೂ 42 ವರ್ಷ ಹೊರಗೆ. ಅಂಕಿಅಂಶ ಇಲ್ಲ, ದಾಖಲೆ ಕಳೆದಿದೆ ಅನ್ನುವ ಕಾರಣಗಳಿವೆ. ಆದರೆ ದಾಖಲೆ ಹುಡುಕುವ ಮನಸ್ಸು ಯಾರಿಗೂ ಇರಲಿಲ್ಲ ಅನ್ನುವುದೂ ಒಂದು ಕಾರಣವೇ.

ಅವರ ನಂತರದ ಕಪ್ಪು ಮುಖ್ಯ ಕೋಚ್ ಯಾರು?

ಆಧುನಿಕ ಕಾಲದಲ್ಲಿ ಮೊದಲಿಗರು ಆರ್ಟ್ ಶೆಲ್, ಲಾಸ್ ಏಂಜಲೀಸ್ ರೈಡರ್ಸ್, 1989. ಪೊಲಾರ್ಡ್ ಆಕ್ರನ್‌ನ ಹೊಣೆ ಹೊತ್ತು 68 ವರ್ಷ ಕಳೆದ ಮೇಲೆ. ಪೊಲಾರ್ಡ್ ಇದನ್ನು ನೋಡಲು ಇರಲಿಲ್ಲ, ಮೂರು ವರ್ಷ ಮೊದಲೇ ಹೋಗಿದ್ದರು. ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಮುಖ್ಯ ಕೋಚ್ ಟೋನಿ ಡಂಜಿ, 2007ರಲ್ಲಿ.

ಫ್ರಿಟ್ಜ್ ಪೊಲಾರ್ಡ್ ಅಲಯನ್ಸ್ ಅಂದರೇನು?

ಕೋಚ್, ಆಡಳಿತ ಹುದ್ದೆಗಳಲ್ಲಿ ಅಲ್ಪಸಂಖ್ಯಾತರಿಗೆ ಅವಕಾಶ ಸಿಗಲಿ ಅಂತ 2003ರಲ್ಲಿ ಶುರುವಾದ ಸಂಘಟನೆ. ಮುಖ್ಯ ಕೋಚ್ ಹುದ್ದೆ ಖಾಲಿಯಾದರೆ ಅಲ್ಪಸಂಖ್ಯಾತ ಅಭ್ಯರ್ಥಿಯನ್ನೂ ಸಂದರ್ಶನ ಮಾಡಲೇಬೇಕು ಅನ್ನುವ ರೂನಿ ನಿಯಮವೂ ಅದೇ ಹೊತ್ತಿನದು. ಆ ನಿಯಮ ಪಾಲನೆಯಾಗುತ್ತಿದೆಯಾ ಅಂತ ಈ ಸಂಘಟನೆ ಕಣ್ಣಿಡುತ್ತದೆ.

ಅವರ ಕುಟುಂಬದಲ್ಲಿ ಬೇರೆ ಯಾರಾದರೂ ಹೆಸರು ಮಾಡಿದ್ದಾರಾ?

ಮಾಡಿದ್ದಾರೆ. ಅಕ್ಕ ನೇಯೋಮಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಮೊದಲ ಕಪ್ಪು ಮಹಿಳೆ. ಅಣ್ಣ ಲೂಥರ್ ಮೂಕಿ ಸಿನಿಮಾಗಳ ಕಾಲದಲ್ಲಿ ಚಿತ್ರ ತಯಾರಿಸಿದವರು. ಮಗ ಫ್ರಿಟ್ಜ್ ಪೊಲಾರ್ಡ್ ಜೂನಿಯರ್ ಓಟಗಾರ. 1936ರಲ್ಲಿ ಹಿಟ್ಲರ್‌ನ ಬರ್ಲಿನ್‌ನಲ್ಲಿ ಒಲಿಂಪಿಕ್ಸ್ ನಡೆದಾಗ, 110 ಮೀಟರ್ ಹರ್ಡಲ್ಸ್‌ನಲ್ಲಿ ಅಮೆರಿಕದ ಪರ ಓಡಿ ಕಂಚು ಗೆದ್ದರು. ಅವರೂ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರೇ. ಆದರೆ ಅವರ ಪ್ರಾಯದ ದಿನಗಳಲ್ಲಿ ಎನ್‌ಎಫ್‌ಎಲ್ ಬಾಗಿಲು ಕಪ್ಪು ಆಟಗಾರರಿಗೆ ಮುಚ್ಚಿತ್ತು.